ಎರಡು ತಟ್ಟಿದರೆ ಸರಿ

ಮಾರಾಟಕ್ಕಿದೆ ಎಂದಷ್ಟೇ ಬರೆದು
ಮೊಣ್ಣಪ್ಪ ಪೆನ್ನು ನನ್ನ ಕೈಗೆ ಕೊಟ್ಟ.
ಐವತ್ತೇಳರ ಅಪಾಚೆ, ಎಂಜಿನ್ನು ಎರಡು, ಸೀಟು ನಾಲ್ಕು,
ಬಿಳಿ ಮೈ, ಉದ್ದಕ್ಕೂ ಕಾಫಿಹಣ್ಣಿನ ಕೆಂಪು ಪಟ್ಟಿ.
ಮುಂದೇನು ಬರೆಯಲಿ ಎಂದೆ.
ಇದ್ದದ್ದನ್ನು ಬರೆ ಎಂದ.

ಇದ್ದದ್ದು ಇದು:
ಎಡಗಡೆಯದು ಹಿರೀ ಸೊಸೆಯಂಥದ್ದು,
ಚಕ್ರ ಮಡಚುವ ಪಂಪು ಅದರ ಸೊಂಟಕ್ಕೇ ಕಟ್ಟಿದೆ.
ಅದು ಮುನಿದರೆ ಸೀಟುಗಳ ನಡುವಿನ ಹಿಡಿಕೆ ಹಿಡಿದು
ಕೈಯಾರೆ ಒತ್ತಬೇಕು, ನಲವತ್ತು ಸಲ, ಎಣಿಸುತ್ತ.
ಬಲಗಡೆಯದು ತಡವಾಗಿ ಏಳುತ್ತದೆ,
ಎದ್ದ ಮೇಲೆ ತಕರಾರಿಲ್ಲ.

ಬಂದಾಗ ಅದು ವಿಮಾನವಾಗಿರಲಿಲ್ಲ.
ಲಾರಿಯಲ್ಲಿ ಮೂರು ತುಂಡು, ಮೇಲೆ ಟಾರ್ಪಾಲು.
ಆನೆಚೌಕೂರಿನ ಗೇಟಿನಲ್ಲಿ ಕೇಳಿದರಂತೆ, ಒಳಗೆ ಮರವೋ?
ರೆಕ್ಕೆಯೊಳಗೆ ಇಲಿ ಬಾಣಂತನ ಮುಗಿಸಿತ್ತು.
ವಾಯುಪಡೆಯಲ್ಲಿ ಇಪ್ಪತ್ತೆರಡು ವರ್ಷ
ಬೇರೆಯವರ ರೆಕ್ಕೆ ರಿಪೇರಿ ಮಾಡಿದವ
ಪೆನ್ಷನ್ನಿನ ಗಂಟು ಬಿಚ್ಚಿ ತನ್ನದೊಂದು ತಂದಿದ್ದ.
ಗೋಡೌನು ಅದಕ್ಕೆ. ಆ ವರ್ಷದ ಚೆರಿಯೆಲ್ಲ
ನಮ್ಮ ಮಲಗುವ ಕೋಣೆಯಲ್ಲಿ ಮಲಗಿತು.

ರಿವೆಟ್ಟು ಹೊಡೆಯಲು ಇಬ್ಬರು ಬೇಕು.
ಹೊರಗೊಬ್ಬರು ಗನ್ನು ಹಿಡಿದು,
ಒಳಗೊಬ್ಬರು ಆ ಏಟಿಗೆ ಎದುರಾಗಿ ಕಬ್ಬಿಣದ ತುಂಡು ಒತ್ತಿ.
ನನ್ನ ಕೈ ಸಪೂರ. ಹಾಗಾಗಿ ಒಳಗಿನವಳು ನಾನು.
ಮುಖ ಕಾಣದು, ಮಾತು ಕೇಳದು.
ಒಂದು ತಟ್ಟಿದರೆ ಇನ್ನೊಮ್ಮೆ ಹೊಡಿ,
ಎರಡು ತಟ್ಟಿದರೆ ಸರಿ,
ಮೂರಾದರೆ ಕೆಟ್ಟಿತು, ಕಿತ್ತು ಬಿಸಾಡು.
ಹನ್ನೊಂದು ವರ್ಷ.
ಊಟದ ಮೇಜಿನಲ್ಲಿ ಆಡಿದ್ದಕ್ಕಿಂತ ಹೆಚ್ಚು
ಆ ತಗಡಿನ ಮೇಲೆ ಆಡಿದ್ದೇವೆ.

ಕೈಲ್‌ಪೊದ್‌ನಲ್ಲಿ ಕೋವಿಗೆ ಇಡುವ ತೋಕ್‌ಪೂ
ಪ್ರೊಪೆಲ್ಲರಿಗೂ ಇಟ್ಟೆವು, ಎರಡಕ್ಕೂ.
ಹಾರಿದ್ದು ನಲವತ್ತಾರು ಗಂಟೆ, ಹನ್ನೆರಡು ನಿಮಿಷ.
ಆಮೇಲೆ ಮೊಣ್ಣಪ್ಪನ ಕೈ ನಡುಗಲು ಹಿಡಿಯಿತು,
ಡಾಕ್ಟರು ಸಹಿ ಹಾಕಲಿಲ್ಲ.
ಅವನು ಜಗಳವಾಡಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೆ.

ಮೊದಲು ಬಂದವ ಮಡಿಕೇರಿಯ ರೆಸಾರ್ಟಿನವ.
ರೆಕ್ಕೆ ಕತ್ತರಿಸಿ, ಒಳಗೊಂದು ಡಬಲ್ ಕಾಟು ಹಾಕಿ
ಹನಿಮೂನಿಗೆ ಬಾಡಿಗೆ ಕೊಡುತ್ತಾನಂತೆ.
ಮೊಣ್ಣಪ್ಪ ಕಾಫಿ ಕೊಟ್ಟ, ಗೇಟಿನ ತನಕ ಬಿಟ್ಟುಬಂದ,
ಗೇಟಿಗೆ ಬೀಗ ಹಾಕಿದ.

ಎರಡನೆಯವಳು ವಡಿವು, ಕೊಯಮತ್ತೂರಿನವಳು,
ಕಿವಿಯಲ್ಲಿ ಓಲೆಯಿಲ್ಲ, ಉಗುರಿನೊಳಗೆ ಗ್ರೀಸು.
ಬಂದವಳೇ ನೆಲಕ್ಕೆ ಬೆನ್ನು ಕೊಟ್ಟು ರೆಕ್ಕೆಯಡಿ ಸರಿದಳು,
ಟಾರ್ಚು, ಕಡ್ಡಿಯ ತುದಿಗೊಂದು ಕನ್ನಡಿ.
ಅರ್ಧ ಗಂಟೆಯ ಮೇಲೆ ಒಂದೇ ಮಾತು: ಇದೊಂದು ವಾಲಿದೆ.

ಯಾವುದೆಂದು ನನಗೆ ಗೊತ್ತಿತ್ತು.
ಅವನ ತಂಗಿಗೆ ಕೊಟ್ಟ ಸಾಲದ ವಿಷಯಕ್ಕೆ ಅವತ್ತು ಜಗಳ.
ಮೂರು ತಟ್ಟಬೇಕಿತ್ತು.
ಸಿಟ್ಟಿಗೆ ಎರಡು ತಟ್ಟಿದ್ದೆ.
ಆಮೇಲೆ ಅಷ್ಟೂ ಗಂಟೆ ಪಕ್ಕದ ಸೀಟಿನಲ್ಲಿ ಕೂತು
ಮೋಡ ನೋಡುವ ನೆಪದಲ್ಲಿ ಅದನ್ನೇ ನೋಡಿದ್ದೇನೆ.
ಹೇಳಿದೆ. ಇಬ್ಬರಿಗೂ, ಒಟ್ಟಿಗೆ.
ಬೆಲೆ ಇಳಿಸುತ್ತಾಳೆಂದುಕೊಂಡೆ, ವಡಿವು ಡ್ರಿಲ್ಲು ಕೇಳಿದಳು.
ಮೊಣ್ಣಪ್ಪ ಏನೂ ಅನ್ನಲಿಲ್ಲ,
ಡ್ರಿಲ್ಲಿನ ಜೊತೆ ಅದೇ ಅಳತೆಯ ರಿವೆಟ್ಟನ್ನೂ ತಂದ,
ಹುಡುಕದೆ.

ನನ್ನ ತೋಳು ಈಗ ಆ ಕಿಂಡಿಯಲ್ಲಿ ಮೊಣಕೈ ದಾಟದು.
ಅವನ ಕೈಯಲ್ಲಿ ಗನ್ನು ನಿಲ್ಲದು.
ವಡಿವು ಕಬ್ಬಿಣದ ತುಂಡು ಹಿಡಿದು ತೋಳು ತೂರಿಸಿದಳು.
ಹೊರಗೆ ನಿಂತವಳು ನಾನು, ಮೊದಲ ಸಲ.
ಹೊಡೆದೆ.
ಏನೂ ಕೇಳಿಸಲಿಲ್ಲ.
ಆಮೇಲೆ ಒಂದು ತಟ್ಟು.
ಮತ್ತೆ ಹೊಡೆದೆ.
ಹನ್ನೊಂದು ವರ್ಷ ಇವನು ಇಲ್ಲಿ ನಿಂತಿದ್ದ,
ಒಳಗಿನವಳು ಏನನ್ನುತ್ತಾಳೋ ಎಂದು, ಉಸಿರು ಬಿಗಿಹಿಡಿದು.
ಟಕ್ ಟಕ್.

ಶನಿವಾರ ಒಯ್ದಳು,
ದೊರೆಗಳ ಕಾಲದ ಹುಲ್ಲಿನ ರನ್‌ವೇಯಿಂದ.
ದನ ಅಟ್ಟಿದ್ದು ಮೊಯ್ದು.
ಬಲಗಡೆಯದು ತಡವಾಗಿಯೇ ಎದ್ದಿತು.
ಸಿಲ್ವರ್ ಮರಗಳ ಮೇಲೆ ಚಕ್ರ ಮಡಚಿಕೊಂಡಾಗ
ಮೊಣ್ಣಪ್ಪ ಎಣಿಸುವುದನ್ನು ನಿಲ್ಲಿಸಿದ.

ಚೆಕ್ಕು ಪಾಸಾಗಲು ನಾಲ್ಕು ದಿನ ಎಂದರು ಅಮ್ಮತ್ತಿಯ ಬ್ಯಾಂಕಿನವರು.
ಗೋಡೌನಿನ ನೆಲದಲ್ಲಿ ಎಣ್ಣೆಯ ಎರಡು ಕಲೆ,
ಎಡದ್ದು ದೊಡ್ಡದು.
ಅದರ ಮೇಲೆ ಚೆರಿ ಸುರಿಯಬೇಡ, ವಾಸನೆ ಹಿಡಿಯುತ್ತದೆ ಎಂದು
ಮೊಯ್ದುವಿಗೆ ಹೇಳಿ ಬಂದೆ.